ಹಸಿರು ಕಣ್ಣು, ಕಂದು ಕಣ್ಣು

ಮನುಷ್ಯರ ಭಾಷೆಗಳೂ ಬಣ್ಣಗಳೂ ಒಂದೇ ಆಗಿಲ್ಲ. ಪವಿತ್ರ ಕುರ್‌ಆನಿನ ಅರ್ರೂಮ್ ಅಧ್ಯಾಯದ 22ನೆಯ ಸೂಕ್ತವು ಈ ವೈವಿಧ್ಯವನ್ನು ಭೂಮಿ ಆಕಾಶಗಳ ಸೃಷ್ಟಿಯೊಂದಿಗೇ ಹೇಳಿ, ಅರಿವುಳ್ಳವರಿಗೆ ಇದರಲ್ಲಿ ದೃಷ್ಟಾಂತಗಳಿವೆ ಎಂದು ತಿಳಿಸುತ್ತದೆ. ಬಣ್ಣವೆಂದ ಕೂಡಲೇ ನಾವು ಚರ್ಮದ ಬಣ್ಣವನ್ನು ನೆನೆಯುತ್ತೇವೆ. ಆದರೆ ಮನುಷ್ಯನ ದೇಹದಲ್ಲಿ ಕಣ್ಣಿಗೂ ಒಂದು ಬಣ್ಣವಿದೆ. ಅದು ಕಾಳಿನಷ್ಟು ಚಿಕ್ಕ ಜಾಗ. ಆ ಚಿಕ್ಕ ಜಾಗದ ಬಣ್ಣವೂ ಮನೆಯೊಂದರ ನೆಮ್ಮದಿಯನ್ನು ಕೆಡಿಸಬಲ್ಲದು ಎಂಬುದನ್ನು ಕಂಡ ಮೇಲೆ, ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯುವುದು ಅಗತ್ಯವೆನಿಸಿತು.

ನಾವು ಪಾಠ ಹೇಳುವ ರಾಮಾಪುರ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದ ಊರು. ಮಲೆ ಮಹದೇಶ್ವರ ಬೆಟ್ಟದ ಕಾಡು ಇಲ್ಲಿಗೆ ದೂರವಲ್ಲ, ತಮಿಳುನಾಡಿನ ಗಡಿಯೂ ದೂರವಲ್ಲ. ಸಂತೆಯ ದಿನ ಕಿವಿಗೊಟ್ಟರೆ ಕನ್ನಡ, ತಮಿಳು, ನಮ್ಮ ದಖನಿ ಉರ್ದು, ಬೆಟ್ಟದಿಂದ ಇಳಿದು ಬಂದ ಸೋಲಿಗರ ಮಾತು ಎಲ್ಲವೂ ಕೇಳುತ್ತವೆ. ಇದೇ ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ಟಿಬೆಟ್ಟಿನಿಂದ ಬಂದ ಜನ ನೆಲೆಸಿದ್ದಾರೆ. ಭಾಷೆ ಇಷ್ಟೊಂದಿದ್ದರೂ ಇಲ್ಲಿಯ ಕಣ್ಣಿನ ಬಣ್ಣ ಬಹುಮಟ್ಟಿಗೆ ಒಂದೇ. ನಾವು ಅದನ್ನು ಕಪ್ಪು ಎನ್ನುತ್ತೇವೆ, ಕನ್ನಡದ ಕವಿಗಳೂ ಹಾಗೆಯೇ ಹೊಗಳಿದ್ದಾರೆ. ನಿಜವಾಗಿ ಅದು ಕಂದು. ಒಮ್ಮೆ ಮದ್ರಸದ ಮಕ್ಕಳನ್ನು ಬೆಳಗಿನ ಬಿಸಿಲಿಗೆ ನಿಲ್ಲಿಸಿ, ಒಬ್ಬರ ಕಣ್ಣನ್ನು ಇನ್ನೊಬ್ಬರು ನೋಡಿ ಬಣ್ಣ ಹೇಳಬೇಕೆಂದೆವು. ನೆರಳಿನಲ್ಲಿ ಕಪ್ಪಾಗಿ ಕಂಡದ್ದು ಬಿಸಿಲಿನಲ್ಲಿ ಜೇನಾಯಿತು, ಹುಣಸೆ ಹಣ್ಣಾಯಿತು, ಕಾಫಿ ಬೀಜವಾಯಿತು. ಅಪ್ಪಟ ಕಪ್ಪು ಕಣ್ಣು ಒಂದೂ ಸಿಗಲಿಲ್ಲ. ಲೋಕದ ಬಹುಪಾಲು ಜನರ ಕಣ್ಣೂ ಕಂದೇ. ಹಸಿರು ಕಣ್ಣಿನವರು ನೂರಕ್ಕೆ ಎರಡರಷ್ಟೆಂದು ಸಾಮಾನ್ಯವಾಗಿ ಅಂದಾಜಿಸುತ್ತಾರೆ.

ಆದ್ದರಿಂದ ನಮ್ಮ ಕಡೆ ಹಸಿರು ಕಣ್ಣಿನ ಮಗು ಹುಟ್ಟಿದರೆ ಅದು ಸುದ್ದಿಯಾಗುತ್ತದೆ. ಕನ್ನಡದವರು ‘ಬೆಕ್ಕಿನ ಕಣ್ಣು’ ಎನ್ನುತ್ತಾರೆ, ನಮ್ಮವರು ‘ಬಿಲ್ಲಿ ಆಂಖ್’ ಎನ್ನುತ್ತಾರೆ. ಹಳೆಯ ತಲೆಯವರಲ್ಲಿ ‘ಕಂಜಿ’ ಎಂಬ ಮಾತೂ ಉಂಟು. ಈ ಹೆಸರುಗಳಲ್ಲಿ ಸ್ವಲ್ಪ ಮುದ್ದು ಇದೆ, ಸ್ವಲ್ಪ ಅನುಮಾನವೂ ಇದೆ.

ಕೆಲವು ವರ್ಷಗಳ ಹಿಂದೆ ನಮಗೆ ಪರಿಚಯವಿದ್ದ ಒಂದು ಮನೆಯಲ್ಲಿ ಗಂಡುಮಗು ಹುಟ್ಟಿತು. ಹುಟ್ಟಿದಾಗ ಯಾರಿಗೂ ಏನೂ ತೋರಲಿಲ್ಲ. ವರ್ಷ ತುಂಬುವ ಹೊತ್ತಿಗೆ ಮಗುವಿನ ಕಣ್ಣು ಹಸಿರು ಎಂಬುದು ಸ್ಪಷ್ಟವಾಯಿತು. ತಂದೆಯದು ಕಂದು ಕಣ್ಣು, ತಾಯಿಯದೂ ಕಂದು. ಮೊದಮೊದಲು ನೆರೆಹೊರೆಯವರ ಬಾಯಲ್ಲಿ ನಗೆಯಾಗಿದ್ದದ್ದು ತಿಂಗಳು ಕಳೆಯುವುದರೊಳಗೆ ಪಿಸುಮಾತಾಯಿತು. ಪಿಸುಮಾತು ಅಡುಗೆಮನೆಗೆ ಬಂತು. ಒಂದು ದಿನ ಮಗುವಿನ ದಾದಿ ನಮ್ಮ ಬಳಿಗೆ ಬಂದು ಕುಳಿತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, “ಹಜರತ್, ನಮ್ಮ ಮನೆಯಲ್ಲಿ ಏಳು ತಲೆಮಾರಿನಿಂದ ಇಂಥ ಕಣ್ಣು ಕಂಡವರಿಲ್ಲ. ಸೊಸೆಯ ತವರಿನಲ್ಲೂ ಇಲ್ಲವಂತೆ. ಮತ್ತೆ ಇದು ಎಲ್ಲಿಂದ ಬಂತು?” ಎಂದರು.

ಅವರು ಕೇಳಿದ್ದು ಕಣ್ಣಿನ ಬಣ್ಣದ ಪ್ರಶ್ನೆಯಾಗಿರಲಿಲ್ಲ. ಒಬ್ಬ ಹೆಣ್ಣುಮಗಳ ಮಾನದ ಪ್ರಶ್ನೆಯಾಗಿತ್ತು. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

“ಏಳು ತಲೆಮಾರಿನವರ ಕಣ್ಣನ್ನು ನೋಡಿದವರು ಯಾರಮ್ಮಾ?” ಎಂದು ನಾವು ಕೇಳಿದೆವು. ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ತಂದೆತಾಯಿಗಳು ಎಂಟು. ಹೀಗೆ ಲೆಕ್ಕ ಹಾಕುತ್ತಾ ಹೋದರೆ ಏಳನೆಯ ಮೆಟ್ಟಿಲಿಗೆ 128 ಮಂದಿಯಾಗುತ್ತಾರೆ. ಏಳೂ ಮೆಟ್ಟಿಲು ಸೇರಿದರೆ 254. ಸಂಬಂಧದೊಳಗೇ ಕೊಟ್ಟು ತಂದ ಮನೆಗಳಲ್ಲಿ ಈ ಸಂಖ್ಯೆ ಕಡಿಮೆಯಾಗುತ್ತದೆ, ಆದರೂ ಅವರೆಲ್ಲರ ಹೆಸರು ಬಲ್ಲವರು ಯಾವ ಮನೆಯಲ್ಲಿದ್ದಾರೆ? ಕಣ್ಣಿನ ಬಣ್ಣ ಬಲ್ಲವರಂತೂ ಇಲ್ಲ. ಗೋಡೆಯ ಮೇಲಿರುವ ಹಳೆಯ ಪಟಗಳು ಕಪ್ಪು ಬಿಳುಪಿನವು. ಆ ಪಟದಲ್ಲಿ ಹಸಿರು ಕಣ್ಣೂ ಒಂದೇ, ಕಂದು ಕಣ್ಣೂ ಒಂದೇ.

ಅನಂತರ ನಾವು ಆ ತಾಯಿಗೆ ಹದೀಸಿನ ಒಂದು ಪ್ರಸಂಗವನ್ನು ಹೇಳಿದೆವು. ಸಹೀಹ್ ಬುಖಾರಿ ಹಾಗೂ ಮುಸ್ಲಿಮ್ ಗ್ರಂಥಗಳಲ್ಲಿ ಅಬೂ ಹುರೈರಾ(ರ) ಅವರಿಂದ ವರದಿಯಾದ ಪ್ರಸಂಗವಿದು. ಫಝಾರಾ ಗೋತ್ರದ ಮನುಷ್ಯನೊಬ್ಬನು ಪ್ರವಾದಿವರ್ಯರ(ಸ) ಬಳಿಗೆ ಬಂದು, ತನ್ನ ಪತ್ನಿ ಕಪ್ಪು ಬಣ್ಣದ ಮಗುವನ್ನು ಹೆತ್ತಿದ್ದಾಳೆಂದು ಹೇಳಿದನು. ಅವನ ದನಿಯಲ್ಲಿ ಅನುಮಾನವಿತ್ತು. ಪ್ರವಾದಿವರ್ಯರು(ಸ) ಅವನನ್ನು ಗದರಲಿಲ್ಲ. ನಿನ್ನಲ್ಲಿ ಒಂಟೆಗಳಿವೆಯೇ ಎಂದು ವಿಚಾರಿಸಿದರು. ಇವೆಯೆಂದನು. ಅವುಗಳ ಬಣ್ಣವನ್ನು ಕೇಳಿದರು. ಕೆಂಪು ಎಂದನು. ಅವುಗಳಲ್ಲಿ ಬೂದು ಬಣ್ಣದ್ದು ಇದೆಯೇ ಎಂದು ಕೇಳಿದರು. ಇದೆಯೆಂದನು. ಕೆಂಪು ಒಂಟೆಗಳ ನಡುವೆ ಅದು ಎಲ್ಲಿಂದ ಬಂತು ಎಂದಾಗ, ಹಿಂದಿನ ಯಾವುದೋ ನರ ಅದನ್ನು ಎಳೆದು ತಂದಿರಬಹುದೆಂದು ಅವನೇ ಉತ್ತರ ಹೇಳಿದನು. ನಿನ್ನ ಮಗುವನ್ನೂ ಅಂಥ ನರವೇ ಎಳೆದು ತಂದಿರಬಹುದೆಂದು ಪ್ರವಾದಿವರ್ಯರು(ಸ) ತಿಳಿಹೇಳಿದರು. ಬಣ್ಣವನ್ನು ಮುಂದಿಟ್ಟುಕೊಂಡು ಮಗುವನ್ನು ತನ್ನದಲ್ಲವೆನ್ನಲು ಅವನಿಗೆ ಅನುಮತಿ ದೊರೆಯಲಿಲ್ಲ.

ಈ ಪ್ರಸಂಗದಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವ ಸಂಗತಿ ಒಂದಿದೆ. ‘ಎಲ್ಲಿಂದ ಬಂತು’ ಎಂಬ ಪ್ರಶ್ನೆಯನ್ನು ಆ ಮನುಷ್ಯ ತನ್ನ ಪತ್ನಿಯ ವಿಷಯದಲ್ಲಿ ಕೇಳಲು ಬಂದಿದ್ದ. ಅದೇ ಪ್ರಶ್ನೆಯನ್ನು ಅವನ ಒಂಟೆಗಳ ವಿಷಯದಲ್ಲಿ ತಿರುಗಿಸಿ ಕೇಳಿದಾಗ ಅವನಿಗೆ ಉತ್ತರ ತಾನಾಗಿ ಹೊಳೆಯಿತು. ಪ್ರಾಣಿಯ ಮಟ್ಟಿಗೆ ನಮಗಿರುವ ವಿವೇಕ ಮನೆಯ ಹೆಣ್ಣಿನ ಮಟ್ಟಿಗೆ ಬಂದಾಗ ಎಲ್ಲಿಗೆ ಹೋಗುತ್ತದೆ? ಹಳ್ಳಿಕಾರ್ ಹಸುವಿಗೆ ಕರುವಿನ ಬಣ್ಣ ಬೇರೆಯಾಗಿ ಬಂದರೆ ಹಿಂದಿನ ತಳಿಯ ಗುಣವೆನ್ನುವ ರೈತನೇ, ಮೊಮ್ಮಗನ ಕಣ್ಣಿನ ಬಣ್ಣಕ್ಕೆ ಸೊಸೆಯನ್ನು ಕಟಕಟೆಗೆ ನಿಲ್ಲಿಸುತ್ತಾನೆ.

ಇನ್ನೊಂದು ಪ್ರಸಂಗವೂ ಇಲ್ಲಿ ಸ್ಮರಣೀಯ. ಝೈದ್(ರ) ಅವರದು ಬಿಳಿಯ ಮೈಬಣ್ಣ, ಅವರ ಮಗ ಉಸಾಮಾ(ರ) ಅವರದು ಕಪ್ಪು. ತಾಯಿ ಉಮ್ಮು ಐಮನ್(ರ) ಅಬಿಸೀನಿಯಾದ ಮೂಲದವರು. ಈ ಅಂತರವನ್ನು ಕಂಡು ಕೆಲವರು ಆಡಿಕೊಳ್ಳುತ್ತಿದ್ದರು. ಒಮ್ಮೆ ತಂದೆ ಮಗ ಇಬ್ಬರೂ ಹೊದಿಕೆ ಹೊದ್ದು, ತಲೆ ಮುಚ್ಚಿ, ಪಾದಗಳಷ್ಟೇ ಕಾಣುವಂತೆ ಮಲಗಿದ್ದಾಗ, ಅಂಗಲಕ್ಷಣ ಬಲ್ಲ ಮುದ್ಲಿಜ್ ಗೋತ್ರದವನೊಬ್ಬನು ಆ ಪಾದಗಳನ್ನು ನೋಡಿ ಇವು ಒಂದಕ್ಕೊಂದು ಸೇರಿದವೆಂದನು. ಅದನ್ನು ಕೇಳಿ ಪ್ರವಾದಿವರ್ಯರ(ಸ) ಮುಖ ಸಂತೋಷದಿಂದ ಬೆಳಗಿತೆಂದು ಆಯಿಶಾ(ರ) ವರದಿ ಮಾಡಿದ್ದಾರೆ. ಬಣ್ಣ ಮುಚ್ಚಿಟ್ಟ ಸಂಬಂಧವನ್ನು ಪಾದ ಹೇಳಿತು.

ಈಗ ವಿಜ್ಞಾನ ಏನು ಹೇಳುತ್ತದೆಂದು ನೋಡೋಣ. ಕಣ್ಣಿನ ನಡುವೆ ಬೆಳಕು ಒಳಹೋಗುವ ಪಾಪೆಯಿದೆ. ಅದರ ಸುತ್ತಲಿನ ಬಣ್ಣದ ಉಂಗುರವೇ ಐರಿಸ್. ಇದಕ್ಕೆ ಹಿಂದೊಂದು, ಮುಂದೊಂದು ಪದರಗಳಿವೆ. ಹಿಂದಿನ ಪದರ ಹೆಚ್ಚುಕಡಿಮೆ ಎಲ್ಲರಲ್ಲೂ ಗಾಢವಾಗಿಯೇ ಇರುತ್ತದೆ. ವ್ಯತ್ಯಾಸವಿರುವುದು ಮುಂದಿನ ಪದರದಲ್ಲಿ. ಅಲ್ಲಿರುವ ಬಣ್ಣದ ವಸ್ತುವಿಗೆ ಮೆಲನಿನ್ ಎಂದು ಹೆಸರು. ನಮ್ಮ ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವುದು ಇದೇ. ಮುಂದಿನ ಪದರದಲ್ಲಿ ಮೆಲನಿನ್ ತುಂಬಿದ್ದರೆ ಅದು ಬೆಳಕಿನ ಹೆಚ್ಚಿನ ಭಾಗವನ್ನು ಹೀರಿಕೊಳ್ಳುತ್ತದೆ, ಕಣ್ಣು ಕಂದಾಗಿ ಕಾಣುತ್ತದೆ.

ಹಸಿರು ಕಣ್ಣಿನಲ್ಲಿ ಹಸಿರು ಬಣ್ಣವೆಂಬುದೇ ಇಲ್ಲ ಎಂದರೆ ಓದುಗರಿಗೆ ಅಚ್ಚರಿಯಾದೀತು. ಅಲ್ಲಿ ಮೆಲನಿನ್ ಕಡಿಮೆ. ಒಳಬಂದ ಬೆಳಕು ಐರಿಸ್ಸಿನ ನವಿರಾದ ಎಳೆಗಳಿಗೆ ತಾಗಿ ಚದುರುತ್ತದೆ. ಹಾಗೆ ಚದುರುವಾಗ ನೀಲಿಯ ಭಾಗ ಹೆಚ್ಚಾಗಿ ಹಿಂದಿರುಗುತ್ತದೆ. ಆ ನೀಲಿಗೆ ಅಲ್ಲಿರುವ ಅಲ್ಪಸ್ವಲ್ಪ ಹಳದಿ ಮಿಶ್ರಿತ ಕಂದು ಸೇರಿದಾಗ ನೋಡುವವರಿಗೆ ಹಸಿರು ಕಾಣುತ್ತದೆ. ಆಕಾಶಕ್ಕೆ ನೀಲಿ ಬಳಿದವರಿಲ್ಲ, ಬೆಳಕು ಚದುರಿ ನೀಲಿ ಕಾಣುತ್ತದೆ, ಇದೂ ಅದೇ ಬಗೆಯದು. 1921ರಲ್ಲಿ ಹಡಗಿನಲ್ಲಿ ಪಯಣಿಸುತ್ತಿದ್ದ ಸಿ. ವಿ. ರಾಮನ್ ಅವರು ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು, ಅದು ಆಕಾಶದ ಪ್ರತಿಬಿಂಬ ಮಾತ್ರವಲ್ಲ, ನೀರೇ ಬೆಳಕನ್ನು ಚದುರಿಸುವುದರಿಂದ ಬಂದದ್ದೆಂದು ತೋರಿಸಿಕೊಟ್ಟರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಆ ವಿಜ್ಞಾನಿ ತಮ್ಮ ಇಳಿವಯಸ್ಸಿನಲ್ಲಿ ದೃಷ್ಟಿ ಮತ್ತು ಬಣ್ಣಗಳ ಕುರಿತೇ ಗ್ರಂಥ ರಚಿಸಿದರು. ಅವರಿಗೂ ಸುಮಾರು ಒಂಬೈನೂರು ವರ್ಷ ಮೊದಲು ಕೈರೋದಲ್ಲಿ ಇಬ್ನುಲ್ ಹೈಸಮ್ ಅವರು ತಮ್ಮ ‘ಕಿತಾಬುಲ್ ಮನಾಝಿರ್’ ಗ್ರಂಥದಲ್ಲಿ, ನೋಟವೆಂಬುದು ಕಣ್ಣಿನಿಂದ ಹೊರಟ ಕಿರಣದಿಂದಲ್ಲ, ವಸ್ತುವಿನಿಂದ ಕಣ್ಣಿಗೆ ಬಂದ ಬೆಳಕಿನಿಂದ ಉಂಟಾಗುವುದೆಂದು ವಿವರಿಸಿದ್ದರು.

ಹುಟ್ಟಿದ ಮಗುವಿನ ಐರಿಸ್ಸಿನಲ್ಲಿ ಮೆಲನಿನ್ ಪೂರ್ತಿ ಕೂಡಿಕೊಂಡಿರುವುದಿಲ್ಲ. ಮೊದಲ ವರ್ಷದಲ್ಲಿ, ಕೆಲವೊಮ್ಮೆ ಅದರಾಚೆಗೂ, ಅದು ಮೆಲ್ಲಮೆಲ್ಲನೆ ಸೇರುತ್ತದೆ. ಆದ್ದರಿಂದಲೇ ಹೆರಿಗೆಯ ಕೋಣೆಯಲ್ಲಿ ಕಂಡ ಬಣ್ಣ ವರ್ಷದ ಮೇಲೆ ಬೇರೆಯಾಗಿ ಕಾಣುವುದುಂಟು.

ಇನ್ನು ವಂಶದ ಮಾತು. 1907ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ದಂಪತಿ ಕಣ್ಣಿನ ಬಣ್ಣದ ಅನುವಂಶೀಯತೆಯ ಬಗೆಗೆ ಬರೆದರು. ಕಂದು ಪ್ರಬಲ, ತಿಳಿಬಣ್ಣ ದುರ್ಬಲ ಎಂಬ ಸರಳ ಸೂತ್ರ ಅಲ್ಲಿಂದ ಶಾಲೆಯ ಪುಸ್ತಕಗಳಿಗೆ ಇಳಿಯಿತು. ಆ ಸೂತ್ರದ ಪ್ರಕಾರವೇ ನೋಡಿದರೂ, ಕಂದು ಕಣ್ಣಿನ ತಂದೆತಾಯಿ ಇಬ್ಬರೂ ಒಳಗೆ ಅಡಗಿದ ತಿಳಿಬಣ್ಣದ ಗುಣವನ್ನು ಹೊತ್ತಿರಬಹುದು. ಎರಡೂ ಕಡೆಯಿಂದ ಅದು ಮಗುವಿಗೆ ಬಂದರೆ ಮಗುವಿನ ಕಣ್ಣು ತಿಳಿಯಾಗುತ್ತದೆ. ತಲೆಮಾರುಗಳ ಕಾಲ ಮರೆಯಲ್ಲಿದ್ದ ಗುಣ ಹೀಗೆ ಹೊರಬರುತ್ತದೆ. ಒಂದೇ ಮನೆತನದೊಳಗೆ ಮದುವೆಗಳು ನಡೆದಾಗ ಇಂಥ ಎರಡು ಅಡಗಿದ ಗುಣಗಳು ಕೂಡುವ ಸಂಭವ ಇನ್ನಷ್ಟು ಹೆಚ್ಚು.

ಆ ಸೂತ್ರವೂ ಪೂರ್ಣ ಸತ್ಯವಲ್ಲವೆಂದು ಈಗ ತಿಳಿದಿದೆ. ನಮ್ಮ 15ನೆಯ ವರ್ಣತಂತುವಿನಲ್ಲಿ ಒಸಿಎ2, ಎಚ್‌ಇಆರ್‌ಸಿ2 ಎಂಬ ಎರಡು ವಂಶವಾಹಿಗಳು ಅಕ್ಕಪಕ್ಕದಲ್ಲಿವೆ. ಒಂದು ಮೆಲನಿನ್ ತಯಾರಿಗೆ ಬೇಕು, ಇನ್ನೊಂದರ ಒಂದು ಭಾಗ ಮೊದಲನೆಯದನ್ನು ಹೆಚ್ಚು ಕಡಿಮೆ ಮಾಡುತ್ತದೆ. 2008ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಹಾನ್ಸ್ ಐಬರ್ಗ್ ಮತ್ತು ಸಂಗಡಿಗರು, ನೀಲಿ ಕಣ್ಣಿಗೆ ಕಾರಣವಾದ ಬದಲಾವಣೆ ಈ ಎರಡನೆಯದರಲ್ಲಿದೆ ಎಂದು ತೋರಿಸಿದರು. 2021ರಲ್ಲಿ ಸುಮಾರು 1,95,000 ಜನರ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದು ಕಣ್ಣಿನ ಬಣ್ಣದ ಮೇಲೆ ಪ್ರಭಾವ ಬೀರುವ, ಮೊದಲು ತಿಳಿದಿರದ 50 ತಾಣಗಳನ್ನು ಗುರುತಿಸಿತು. ಎಂದರೆ ಒಂದು ಕಣ್ಣಿನ ಬಣ್ಣ ಹತ್ತಾರು ಎಳೆಗಳಿಂದ ನೇಯ್ದ ಬಟ್ಟೆ. ತಂದೆಯ ಕಣ್ಣು, ತಾಯಿಯ ಕಣ್ಣು, ಮಗುವಿನ ಕಣ್ಣು ಮೂರನ್ನೂ ಬರಿಗಣ್ಣಿನಿಂದ ನೋಡಿ ಯಾರ ನಡತೆಯನ್ನೂ ತೀರ್ಮಾನಿಸಲಾಗದು. ಹಾಗೆ ತೀರ್ಮಾನಿಸುವವರಲ್ಲಿ ಧರ್ಮವೂ ಇಲ್ಲ, ವಿಜ್ಞಾನವೂ ಇಲ್ಲ. ಶೀಲವತಿಯಾದ ಹೆಣ್ಣಿನ ಮೇಲೆ ಸಾಕ್ಷ್ಯವಿಲ್ಲದೆ ಅಪವಾದ ಹೊರಿಸುವುದು ಎಷ್ಟು ಗುರುತರವಾದ ಪಾಪವೆಂಬುದನ್ನು ಅನ್ನೂರ್ ಅಧ್ಯಾಯ ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ.

ತಿಳಿಗಣ್ಣಿನ ಸುತ್ತ ಬೇರೆ ಮಾತುಗಳೂ ಹಬ್ಬಿವೆ. ಬೆಕ್ಕಿನ ಕಣ್ಣಿನವರನ್ನು ನಂಬಬಾರದಂತೆ, ಅವರ ದೃಷ್ಟಿ ಬೇಗ ತಾಗುತ್ತದಂತೆ. ಅಸೂಯೆಯ ದೃಷ್ಟಿಗೆ ಪರಿಣಾಮವುಂಟೆಂದು ಹದೀಸಿನಲ್ಲಿ ಬಂದಿರುವುದು ನಿಜ. ಆದರೆ ಅಸೂಯೆ ಇರುವುದು ಹೃದಯದಲ್ಲಿ, ಐರಿಸ್ಸಿನಲ್ಲಲ್ಲ. ಕಂದು ಕಣ್ಣಿನಲ್ಲೂ ಬೇಕಾದಷ್ಟು ಅಸೂಯೆಗೆ ಜಾಗವಿದೆ. ತಾಹಾ ಅಧ್ಯಾಯದ 102ನೆಯ ಸೂಕ್ತದಲ್ಲಿ ಅಪರಾಧಿಗಳನ್ನು ಕುರಿತು ಬಂದಿರುವ ‘ಝುರ್ಖ್’ ಎಂಬ ಪದವನ್ನು ಹಿಡಿದು ನೀಲಿಗಣ್ಣು ಕೆಡುಕಿನ ಗುರುತೆನ್ನುವವರನ್ನೂ ನಾವು ಕಂಡಿದ್ದೇವೆ. ವ್ಯಾಖ್ಯಾನಕಾರರು ಅದನ್ನು ಆ ದಿನದ ಭೀತಿಯಿಂದ ಬಣ್ಣಗೆಟ್ಟ ಕಣ್ಣು, ದೃಷ್ಟಿ ಕಳೆದುಕೊಂಡ ಕಣ್ಣು ಎಂದು ವಿವರಿಸಿದ್ದಾರೆ. ಅದು ಅಂದಿನ ದುರವಸ್ಥೆಯ ಚಿತ್ರ, ಹುಟ್ಟಿನಿಂದ ಬಂದ ಬಣ್ಣದ ಮೇಲಿನ ತೀರ್ಪಲ್ಲ. ಅರಬರ ಹಳೆಯ ಕಥೆಗಳಲ್ಲಿ ಯಮಾಮದ ಝರ್ಖಾ ಎಂಬ ನೀಲಿಗಣ್ಣಿನ ಹೆಣ್ಣು ಬರುತ್ತಾಳೆ. ಬಹುದೂರದವರೆಗೆ ಕಾಣಬಲ್ಲವಳು. ಮರಗಳನ್ನು ಮರೆಯಾಗಿ ಹಿಡಿದು ಬರುತ್ತಿದ್ದ ಶತ್ರುಸೇನೆಯನ್ನು ಕಂಡು ಎಚ್ಚರಿಸಿದಳು. ಮರ ನಡೆಯುವುದುಂಟೇ ಎಂದು ನಕ್ಕ ಆಕೆಯ ಜನ ನಾಶವಾದರು. ಕಥೆಯಲ್ಲಿ ತಪ್ಪಿದ್ದು ಅವಳ ಕಣ್ಣಲ್ಲ, ಅವಳನ್ನು ನಂಬದವರ ಬುದ್ಧಿ.

ನಮ್ಮ ಭಾಗದಲ್ಲಿ ರಾತ್ರಿ ಬೆಟ್ಟದ ರಸ್ತೆಯಲ್ಲಿ ವಾಹನದ ಬೆಳಕಿಗೆ ಜಿಂಕೆಯ, ಚಿರತೆಯ ಕಣ್ಣುಗಳು ಹಸಿರಾಗಿ ಹೊಳೆಯುವುದನ್ನು ಕಾಣದವರಿಲ್ಲ. ಆ ಹೊಳಪು ಅವುಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತಿರುವ ಪದರದಿಂದ ಬರುತ್ತದೆ. ಮನುಷ್ಯನಿಗೆ ಅಂಥ ಪದರವಿಲ್ಲ. ಹಸಿರು ಕಣ್ಣಿನ ಮಗು ಕತ್ತಲಲ್ಲಿ ಬೆಕ್ಕಿನಂತೆ ನೋಡುತ್ತದೆಂಬುದು ಬರಿಯ ಮಾತು.

ಹಾಗಾದರೆ ನಿಜವಾದ ವ್ಯತ್ಯಾಸವೇ ಇಲ್ಲವೇ? ಸ್ವಲ್ಪವಿದೆ. ಓದುವ, ಗುರುತಿಸುವ ಶಕ್ತಿಯಲ್ಲಿ ಎರಡೂ ಸಮ. ಮೆಲನಿನ್ ಕಡಿಮೆಯಿರುವ ಕಣ್ಣಿಗೆ ಪ್ರಖರವಾದ ಬಿಸಿಲು ಹೆಚ್ಚು ಚುಚ್ಚಬಹುದು. ಕಣ್ಣಿನೊಳಗೆ ಬರುವ ಮೆಲನೋಮಾ ಎಂಬ ಅಪರೂಪದ ಕ್ಯಾನ್ಸರಿನ ಸಂಭವ ತಿಳಿಗಣ್ಣಿನವರಲ್ಲಿ ತುಸು ಹೆಚ್ಚು. ಅಂಥ ಮಗುವಿಗೆ ಹೊಲಕ್ಕೆ, ಆಟಕ್ಕೆ ಹೋಗುವಾಗ ಅಂಚಿರುವ ಟೋಪಿ ಹಾಕಿದರೆ ಸಾಕು, ತಾಯಿತ ಬೇಡ. ದೊಡ್ಡವರಲ್ಲಿ ಒಂದು ಕಣ್ಣಿನ ಬಣ್ಣ ಮಾತ್ರ ಇದ್ದಕ್ಕಿದ್ದಂತೆ ಬದಲಾದರೆ ನೇತ್ರವೈದ್ಯರಿಗೆ ತೋರಿಸಬೇಕು. ಕಣ್ಣಿನ ಒತ್ತಡಕ್ಕೆ ಕೊಡುವ ಕೆಲವು ಹನಿಮದ್ದುಗಳೂ ಹಸಿರು ಕಂದು ಬೆರೆತ ಕಣ್ಣನ್ನು ಕಂದಾಗಿಸಬಲ್ಲವು.

ಲೋಕದ ವಿಚಿತ್ರ ನೋಡಿ. ಹುಟ್ಟಿನಿಂದ ಹಸಿರು ಕಣ್ಣಿರುವ ಹುಡುಗಿಯ ಸಂಬಂಧ ನೋಡಲು ಬಂದವರು ಹಿಂದೆ ಸರಿಯುವುದನ್ನು ನಾವು ಬಲ್ಲೆವು. ಅದೇ ಮನೆಯವರು ತಮ್ಮ ಹುಡುಗಿಯ ನಿಕಾಹ್ ದಿನ ಹಸಿರು ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ತರಿಸುತ್ತಾರೆ! ವೈದ್ಯರನ್ನು ಕೇಳದೆ ತಂದ ಲೆನ್ಸು, ಒಬ್ಬರದನ್ನು ಇನ್ನೊಬ್ಬರು ಹಾಕಿಕೊಂಡ ಲೆನ್ಸು, ನಲ್ಲಿಯ ನೀರಿನಲ್ಲಿ ತೊಳೆದ ಲೆನ್ಸು ಕಣ್ಣಿಗೆ ಸೋಂಕು ತಂದು ದೃಷ್ಟಿಯನ್ನೇ ಕೆಡಿಸಬಲ್ಲದು. ಅಲ್ಲಾಹನು ಕೊಟ್ಟ ಹಸಿರು ಬೇಡ, ಅಂಗಡಿಯ ಹಸಿರು ಬೇಕು ಎಂಬ ಈ ಮನೋಭಾವಕ್ಕೆ ಏನೆನ್ನೋಣ?

1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ಛಾಯಾಗ್ರಾಹಕ ಸ್ಟೀವ್ ಮೆಕ್ಕರಿ ಅಫ್ಘಾನಿನ ಒಬ್ಬ ಹುಡುಗಿಯ ಚಿತ್ರ ತೆಗೆದರು. 1985ರ ಜೂನ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ ಅದು ಬಂದಾಗ ಲೋಕವೆಲ್ಲ ಆ ಹಸಿರು ಕಣ್ಣುಗಳಿಗೆ ಬೆರಗಾಯಿತು. ಆಕೆಯ ಹೆಸರು ಮಾತ್ರ 2002ರವರೆಗೆ ಲೋಕಕ್ಕೆ ತಿಳಿಯಲಿಲ್ಲ. ಶರ್ಬತ್ ಗುಲಾ ಎಂಬ ಆ ಮಹಿಳೆಯನ್ನು ಕೊನೆಗೆ ಪತ್ತೆಹಚ್ಚಿದಾಗ, ಅವರೇ ಇವರೆಂದು ಖಚಿತಪಡಿಸಲು ನೆರವಾದದ್ದು ಕಣ್ಣಿನ ಹಸಿರಲ್ಲ, ಐರಿಸ್ಸಿನ ಎಳೆಗಳ ವಿನ್ಯಾಸ. ಆ ಹೋಲಿಕೆಯನ್ನು ಮಾಡಿದವರು ಕೇಂಬ್ರಿಜ್‌ನ ಜಾನ್ ಡಾಗ್‌ಮನ್.

ಅದೇ ವಿದ್ಯೆ ಇಂದು ರಾಮಾಪುರದ ಮನೆಮನೆಗೂ ಬಂದಿದೆ. 2010ರಲ್ಲಿ ಆರಂಭವಾದ ಆಧಾರ್ ನೋಂದಣಿಯಲ್ಲಿ ಹತ್ತು ಬೆರಳಚ್ಚಿನ ಜೊತೆ ಎರಡೂ ಕಣ್ಣುಗಳ ಐರಿಸ್ಸನ್ನು ದಾಖಲಿಸುತ್ತಾರೆ. ಹೊಲದ ಕೆಲಸದಲ್ಲಿ ಬೆರಳಿನ ಗೆರೆ ಸವೆದ ಹಿರಿಯರಿಗೆ ಆ ಕಣ್ಣೇ ಗುರುತಾಗಬಲ್ಲದು. ಆ ಯಂತ್ರ ನಮಗೆ ಕಾಣದ ಅವಗೆಂಪು ಬೆಳಕಿನಲ್ಲಿ ನೋಡುತ್ತದೆ. ಆ ಬೆಳಕನ್ನು ಮೆಲನಿನ್ ಹೆಚ್ಚು ತಡೆಯುವುದಿಲ್ಲ, ಆದ್ದರಿಂದ ಕಡುಕಂದು ಕಣ್ಣಿನ ಒಳಗಿನ ನೇಯ್ಗೆಯೂ ಸ್ಪಷ್ಟವಾಗಿ ತೋರುತ್ತದೆ. ಯಂತ್ರದ ಮುಂದೆ ಹಸಿರೂ ಇಲ್ಲ, ಕಂದೂ ಇಲ್ಲ. ಆ ನೇಯ್ಗೆಯೋ, ಅವಳಿ ಮಕ್ಕಳಲ್ಲೂ ಒಂದೇ ಅಲ್ಲ, ಒಬ್ಬನದೇ ಎಡಗಣ್ಣು ಬಲಗಣ್ಣುಗಳಲ್ಲೂ ಒಂದೇ ಅಲ್ಲ. ಬಣ್ಣದ ಮೇಲ್ಪದರವನ್ನು ದಾಟಿದರೆ ಸೃಷ್ಟಿಕರ್ತನು ಪ್ರತಿಯೊಬ್ಬನಿಗೂ ಬೇರೆಯಾದ ಮುದ್ರೆಯನ್ನೇ ಒತ್ತಿದ್ದಾನೆ.

ಆ ಮನೆಯ ವಿಷಯಕ್ಕೆ ಬರುವುದಾದರೆ, ದಾದಿ ನಮ್ಮ ಮಾತು ಕೇಳಿ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾನು ಸೊಸೆಗೆ ಏನು ಹೇಳಲಿ?” ಎಂದರು. “ಏನೂ ಹೇಳಬೇಡಿ ಅಮ್ಮಾ, ಮಗುವನ್ನು ಎತ್ತಿಕೊಳ್ಳಿ, ಅವಳಿಗೆ ಅರ್ಥವಾಗುತ್ತದೆ” ಎಂದೆವು. ಕೆಲವು ತಿಂಗಳ ಮೇಲೆ ಕೊಳ್ಳೇಗಾಲದ ಹಿರಿಯ ಬಂಧುವೊಬ್ಬರು, ದಾದಿಯ ಸೋದರಮಾವನಿಗೇ ಬೆಕ್ಕಿನ ಕಣ್ಣಿತ್ತೆಂದು ನೆನಪಿಸಿಕೊಂಡರಂತೆ. ಮನೆಯವರೆಲ್ಲ ನಿರಾಳರಾದರು. ನಮಗೆ ಆ ನಿರಾಳ ಅರ್ಧದ್ದೆನಿಸಿತು. ಆ ಹಿರಿಯರ ನೆನಪು ಕೈಕೊಟ್ಟಿದ್ದರೆ? ಆ ಸೋದರಮಾವ ಎಳೆಯನಾಗಿದ್ದಾಗಲೇ ತೀರಿಕೊಂಡಿದ್ದರೆ? ಆಗಲೂ ಸೊಸೆ ನಿರ್ದೋಷಿಯೇ, ಮಗು ಆ ಮನೆಯದೇ. ಒಂದು ಹೆಣ್ಣಿನ ಮಾನ ಸತ್ತುಹೋದ ಯಾರದೋ ಕಣ್ಣಿನ ಸಾಕ್ಷ್ಯಕ್ಕೆ ಕಾಯಬಾರದು. ಫಝಾರಾದ ಆ ಮನುಷ್ಯನಿಗೆ ಪ್ರವಾದಿವರ್ಯರು(ಸ) ಯಾವ ಅಜ್ಜನನ್ನು ಹುಡುಕಿ ತಾ ಎಂದೂ ಹೇಳಲಿಲ್ಲ. ಇದ್ದಿರಬಹುದು ಎಂಬ ಸಾಧ್ಯತೆಯೇ ಅನುಮಾನವನ್ನು ಬಿಡಲು ಸಾಕೆಂದರು.

ಮನೆಯಲ್ಲಿ ಮಗು ಹುಟ್ಟಿದಾಗ ಅದು ಯಾರ ಹಾಗಿದೆ ಎಂದು ಕೇಳುವುದು ಸಹಜ, ಪ್ರೀತಿಯ ಮಾತು. ಆ ಮಾತು ತಾಯಿಯ ಎದೆಯನ್ನು ಇರಿಯುವಂತಾಗದಿರಲಿ. ಶಾಲೆಯಲ್ಲೋ ಮದ್ರಸದಲ್ಲೋ ‘ಬಿಲ್ಲಿ’ ಎಂದು ಕೂಗಿಸಿಕೊಳ್ಳುವ ಮಗುವಿಗೆ, ನಿನ್ನ ಕಣ್ಣೊಳಗೆ ಆಕಾಶದ ಬೆಳಕು ಚದುರುತ್ತಿದೆ ಎಂದು ಹೇಳಿಕೊಡೋಣ. ಕಂದು ಕಣ್ಣಿನ ಮಗುವಿಗೂ ಅದರ ಕಣ್ಣೊಳಗಿನ ನೇಯ್ಗೆ ಇನ್ನಾರಿಗೂ ಇಲ್ಲವೆಂದು ಹೇಳೋಣ. ಅಲ್ಲಾಹನು ನಮ್ಮ ರೂಪವನ್ನಲ್ಲ, ಹೃದಯವನ್ನೂ ಕರ್ಮವನ್ನೂ ನೋಡುತ್ತಾನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಾಗೆ ನೋಡುವ ಕಣ್ಣನ್ನು ಅವನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.